ಗೋಡೆಯ ಸ್ವಿಚ್ ಉಳಿಸಿಕೊಂಡೇ ಮನೆಯನ್ನು ಸ್ಮಾರ್ಟ್ ಮಾಡುವುದು ಹೇಗೆ?

ಅರಸೀಕೆರೆಯ ಅಮ್ಮನ ಮನೆಗೆ ನಾನು ಮೊದಲು ತಂದದ್ದು ನಾಲ್ಕು ಸ್ಮಾರ್ಟ್ ಬಲ್ಬು. ಮೊಬೈಲ್‌ನಿಂದ ಹಚ್ಚಬಹುದು, ಆರಿಸಬಹುದು, ಬಣ್ಣ ಬದಲಿಸಬಹುದು. ಎರಡು ದಿನ ಎಲ್ಲರಿಗೂ ಖುಷಿ. ಮೂರನೆಯ ದಿನ ಅಮ್ಮ ರೂಢಿಯಂತೆ ಗೋಡೆಯ ಸ್ವಿಚ್ ಆರಿಸಿ ಮಲಗಿದರು. ಬಲ್ಬಿಗೆ ಕರೆಂಟೇ ಇಲ್ಲದ ಮೇಲೆ ಮೊಬೈಲ್ ಏನು ಮಾಡೀತು? ಸ್ವಿಚ್ ಯಾವಾಗಲೂ ಹಾಕಿಯೇ ಇರಲಿ ಎಂದು ಹೇಳಿದೆ. ಮುಂದಿನ ವಾರ, ಹೋಗಿದ್ದ ಕರೆಂಟ್ ನಸುಕಿನ ಮೂರು ಗಂಟೆಗೆ ಮರಳಿ ಬಂದಾಗ ನಾಲ್ಕೂ ಬಲ್ಬು ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಂಡವು. ಇಂಟರ್‌ನೆಟ್ ಇನ್ನೂ ಬಂದಿರಲಿಲ್ಲ, ಆಪ್ ತೆರೆಯಲಿಲ್ಲ. ಅಮ್ಮ ಎದ್ದು ಒಂದೊಂದೇ ಸ್ವಿಚ್ ಆರಿಸಿಕೊಂಡು ಬಂದು, "ಇದ್ದ ಸ್ವಿಚ್ಚೇ ಚೆನ್ನಾಗಿತ್ತಲ್ಲಪ್ಪಾ" ಎಂದರು.

ಅವರ ಮಾತು ಸರಿಯಾಗಿತ್ತು. ಆಮೇಲೆ ಆ ಮನೆಯಲ್ಲೂ ಬೆಂಗಳೂರಿನ ನಮ್ಮ ಮನೆಯಲ್ಲೂ ನಾನು ಮಾಡಿದ ಪ್ರತಿಯೊಂದು ಜೋಡಣೆಗೂ ಎರಡು ಷರತ್ತು ಹಾಕಿಕೊಂಡೆ. ಒಂದು, ಏನೂ ಗೊತ್ತಿಲ್ಲದ ನೆಂಟರು ಬಂದರೂ ಗೋಡೆಯ ಸ್ವಿಚ್ ಒತ್ತಿದರೆ ದೀಪ ಹೊತ್ತಬೇಕು. ಇನ್ನೊಂದು, ಇಂಟರ್‌ನೆಟ್ ಇಲ್ಲದ ದಿನವೂ ಮನೆ ಎಂದಿನಂತೆ ನಡೆಯಬೇಕು. ಈ ಮಾರ್ಗದರ್ಶಿ ಈ ಎರಡು ಷರತ್ತಿನ ಮೇಲೆಯೇ ನಿಂತಿದೆ. ಬಣ್ಣದ ಬೆಳಕು, ಧ್ವನಿಯಿಂದ ಟಿವಿ ಹಾಕುವುದು ಇವೆಲ್ಲ ಬೇಕೆನಿಸಿದರೆ ಆಮೇಲೆ ಸೇರಿಸಿಕೊಳ್ಳಬಹುದು.

ಮೊದಲ ವಾರ ಏನನ್ನೂ ಕೊಳ್ಳಬೇಡಿ

ಒಂದು ಚಿಕ್ಕ ನೋಟ್‌ಪುಸ್ತಕವನ್ನು ಅಡುಗೆ ಮನೆಯಲ್ಲಿಡಿ. ಒಂದು ವಾರ, ಮನೆಯವರಿಗೆ ಕಿರಿಕಿರಿಯಾದದ್ದನ್ನೆಲ್ಲ ಅದರಲ್ಲಿ ಬರೆಯಲಿ. ಟ್ಯಾಂಕ್ ತುಂಬಿ ಹರಿಯಿತು. ಗೀಸರ್ ಆರಿಸಲು ಮರೆತು ಕೆಲಸಕ್ಕೆ ಹೋದೆವು. ಗೇಟಿನ ದೀಪ ಬೆಳಗಿನ ಹತ್ತು ಗಂಟೆಯವರೆಗೂ ಉರಿಯುತ್ತಿತ್ತು. ಅಪ್ಪ ರಾತ್ರಿ ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಸ್ವಿಚ್ಚಿಗಾಗಿ ತಡಕಾಡಿದರು. ಇಂಥವೇ ಬರುತ್ತವೆ. ಪರದೆ ತಾನಾಗಿ ಸರಿಯಬೇಕು ಎಂದು ಆ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ. ಅದು ಜಾಹೀರಾತು ನೋಡಿದಾಗ ಮಾತ್ರ ಹೊಳೆಯುವ ಆಸೆ.

ವಾರದ ಕೊನೆಗೆ ಎಲ್ಲಕ್ಕಿಂತ ಹೆಚ್ಚು ಬಾರಿ ಬಂದದ್ದನ್ನು ಆರಿಸಿಕೊಳ್ಳಿ. ನಮ್ಮ ಎರಡೂ ಮನೆಗಳಲ್ಲಿ ಅದು ನೀರಿನ ಟ್ಯಾಂಕ್. ಹಾಗಾಗಿ ಈ ಲೇಖನದಲ್ಲಿ ಟ್ಯಾಂಕಿಗೆ ಹೆಚ್ಚು ಜಾಗ ಸಿಗಲಿದೆ. ಅಲ್ಲಿಗೆ ಹೋಗುವ ಮೊದಲು ಮನೆಯನ್ನು ಸಿದ್ಧಪಡಿಸಿಕೊಳ್ಳಬೇಕು.

ಎಲೆಕ್ಟ್ರಿಷಿಯನ್ ಜೊತೆ ಒಂದು ಬೆಳಗು

ಪರಿಚಯದ, ನಂಬಿಕೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನಾಲ್ಕು ವಿಷಯ ನೋಡಿಸಿ.

ಮೊದಲನೆಯದು ಅರ್ತಿಂಗ್ ಮತ್ತು ಆರ್‌ಸಿಸಿಬಿ. ಕರೆಂಟ್ ಮಿತಿ ಮೀರಿದಾಗ ಬೀಳುವ ಎಂಸಿಬಿ ತಂತಿಯನ್ನು ಕಾಪಾಡುತ್ತದೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಮನುಷ್ಯನನ್ನು ಕಾಪಾಡುತ್ತದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಸ್ಮಾರ್ಟ್ ಸಾಧನದ ಮಾತನ್ನೇ ಎತ್ತಬೇಡಿ; ಆ ಹಣವನ್ನು ಮೊದಲು ಇದಕ್ಕೆ ಹಾಕಿ.

ಎರಡನೆಯದು ಸ್ವಿಚ್ ಬೋರ್ಡಿನ ಒಳಗಿನ ನ್ಯೂಟ್ರಲ್ ತಂತಿ. ಗೋಡೆಯ ಸ್ವಿಚ್ಚನ್ನು ಉಳಿಸಿಕೊಂಡೇ ಮೊಬೈಲಿನ ಆಜ್ಞೆಯನ್ನೂ ಕೇಳುವಂತೆ ಮಾಡಲು ಅದರ ಹಿಂದೆ ಒಂದು ಪುಟ್ಟ ಸ್ಮಾರ್ಟ್ ಪೆಟ್ಟಿಗೆ ಕೂರಿಸುತ್ತಾರೆ, ಅದೇ ಮಾಡ್ಯೂಲ್. ಬಹುತೇಕ ಮಾಡ್ಯೂಲ್‌ಗಳಿಗೆ ಫೇಸ್ ಜೊತೆಗೆ ನ್ಯೂಟ್ರಲ್ ಕೂಡ ಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಬೋರ್ಡಿನಲ್ಲೂ ಒಂದು ಪ್ಲಗ್ ಪಾಯಿಂಟ್ ಇರುವುದರಿಂದ ನ್ಯೂಟ್ರಲ್ ಅಲ್ಲಿಯವರೆಗೆ ಬಂದೇ ಇರುತ್ತದೆ. ಮೆಟ್ಟಿಲ ಬಳಿಯ ಅಥವಾ ಮಂಚದ ಪಕ್ಕದ ಒಂಟಿ ಸ್ವಿಚ್ಚುಗಳಲ್ಲಿ ಮಾತ್ರ ಇಲ್ಲದಿರಬಹುದು. ನ್ಯೂಟ್ರಲ್ ಬೇಡದ ಮಾಡ್ಯೂಲ್‌ಗಳೂ ಸಿಗುತ್ತವೆ, ಆದರೆ ಅವು ಬಲ್ಬಿನ ಮೂಲಕವೇ ಚೂರು ವಿದ್ಯುತ್ ಹರಿಸಿಕೊಂಡು ಬದುಕುವುದರಿಂದ ಸಣ್ಣ ಎಲ್‌ಇಡಿ ಬಲ್ಬುಗಳು ಆರಿಸಿದ ಮೇಲೂ ಮಿಣುಗುಟ್ಟುವುದುಂಟು.

ಮೂರನೆಯದು ಗೋಡೆಯೊಳಗಿನ ಪೆಟ್ಟಿಗೆಯ ಆಳ. ತಂತಿಗಳಿಂದಲೇ ತುಂಬಿದ ಪೆಟ್ಟಿಗೆಯಲ್ಲಿ ಮಾಡ್ಯೂಲನ್ನು ಒತ್ತಿ ತುರುಕಿದರೆ ಅದು ಬಿಸಿಯಾಗುತ್ತದೆ.

ನಾಲ್ಕನೆಯದು ಯುಪಿಎಸ್ ಲೈನ್. ರೌಟರ್ ಮತ್ತು ಮುಂದೆ ಹೇಳುವ ಪುಟ್ಟ ಕಂಪ್ಯೂಟರ್ ಇರುವ ಪ್ಲಗ್ ಪಾಯಿಂಟ್‌ಗೆ ಮನೆಯ ಯುಪಿಎಸ್‌ನಿಂದ ಕರೆಂಟ್ ಬರುವಂತೆ ಮಾಡಿಸಿ. ಯುಪಿಎಸ್ ಇಲ್ಲದವರು ರೌಟರ್‌ಗೆಂದೇ ಸಿಗುವ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಪೆಟ್ಟಿಗೆ ಇಟ್ಟುಕೊಳ್ಳಬಹುದು.

ಗೋಡೆಯೊಳಗಿನ ಕೆಲಸವನ್ನು ವಿಡಿಯೊ ನೋಡಿ ನೀವೇ ಮಾಡಲು ಹೋಗಬೇಡಿ. 230 ವೋಲ್ಟ್ ಎರಡನೆಯ ಅವಕಾಶ ಕೊಡುವುದಿಲ್ಲ. ಮೇನ್ ಆರಿಸಿದ ಮೇಲೂ ಯುಪಿಎಸ್ ಲೈನಿನಲ್ಲಿ ಕರೆಂಟ್ ಉಳಿದಿರುತ್ತದೆ. ಇದನ್ನು ಮರೆತು ಕೈ ಹಾಕುವುದು ನಮ್ಮಲ್ಲಿ ಆಗುವ ದೊಡ್ಡ ತಪ್ಪು.

ಯಾವ ಭಾಷೆಯ ಸಾಧನ?

ಅಂಗಡಿಯಲ್ಲಿ ಸಿಗುವ ಸ್ಮಾರ್ಟ್ ಸಾಧನಗಳು ಮುಖ್ಯವಾಗಿ ಮೂರು ಬಗೆಯಲ್ಲಿ ಮಾತನಾಡುತ್ತವೆ. ವೈಫೈ ಸಾಧನಕ್ಕೆ ಬೇರೆ ಪೆಟ್ಟಿಗೆ ಬೇಡ, ಬೆಲೆ ಕಡಿಮೆ. ಆದರೆ ಹೆಚ್ಚಿನವು ತಯಾರಕರ ಸರ್ವರ್ ಮೂಲಕವೇ ಕೆಲಸ ಮಾಡುತ್ತವೆ: ನೀವು ಹಜಾರದಲ್ಲಿ ಕುಳಿತು ಹಜಾರದ ದೀಪ ಹಚ್ಚಿದರೂ ಆಜ್ಞೆ ದೂರದ ಊರಿಗೆ ಹೋಗಿ ಬರುತ್ತದೆ. ಜಿಗ್‌ಬೀ ಸಾಧನಗಳಿಗೆ ಇಂಟರ್‌ನೆಟ್ ಬೇಡ, ವಿದ್ಯುತ್ ಬಹಳ ಕಡಿಮೆ ಸಾಕು. ಬಾಗಿಲಿನ ಸೆನ್ಸರ್ ಒಂದು ನಾಣ್ಯದಂಥ ಬ್ಯಾಟರಿಯಲ್ಲಿ ವರ್ಷಕ್ಕೂ ಹೆಚ್ಚು ನಡೆಯುತ್ತದೆ. ಆದರೆ ಅವನ್ನೆಲ್ಲ ಒಂದೆಡೆ ಸೇರಿಸಿ ನಡೆಸುವ ಹಬ್ ಎಂಬ ಪೆಟ್ಟಿಗೆ ಬೇಕು. ಮೂರನೆಯದು ಮ್ಯಾಟರ್. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಎಲ್ಲ ಸೇರಿ ಒಪ್ಪಿಕೊಂಡ ಈ ಮಾನದಂಡದ ಮೊದಲ ಆವೃತ್ತಿ 2022ರ ಅಕ್ಟೋಬರ್‌ನಲ್ಲಿ ಬಂತು. ಇದು ಮನೆಯೊಳಗೇ ಮಾತು ಮುಗಿಸುತ್ತದೆ, ಒಂದೇ ಸಾಧನ ಯಾರ ಆಪ್‌ನೊಂದಿಗೂ ಹೊಂದಿಕೊಳ್ಳುತ್ತದೆ. ಹೊಸದಾಗಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಮ್ಯಾಟರ್ ಗುರುತು ಇದೆಯೇ ನೋಡಿ.

ಸರ್ವರ್ ಅವಲಂಬನೆಯ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ರಿವಾಲ್ವ್ ಎಂಬ ಹಬ್ ಅನ್ನು ನೆಸ್ಟ್ ಕಂಪನಿ 2014ರಲ್ಲಿ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿತು. ಜನರ ಮನೆಯಲ್ಲಿದ್ದ ಪೆಟ್ಟಿಗೆಗಳು ಕೆಲಸಕ್ಕೆ ಬಾರದವಾದವು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸಂಸ್ಥೆಯ ಸರ್ವರ್‌ಗಳು ಗ್ರಾಹಕರಿಗೆ ಒಂದು ಮಾತೂ ಹೇಳದೆ ನಿಂತುಹೋದವು. ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡ ಮೇಲೆ ಮತ್ತೆ ಜೀವ ಬಂತು. ಹಣ ಕೊಟ್ಟು ಗೋಡೆಗೆ ಹಾಕಿಸಿಕೊಂಡ ಸ್ವಿಚ್ ಬೇರೆಯವರ ವ್ಯಾಪಾರದ ಏರಿಳಿತಕ್ಕೆ ಸಿಕ್ಕಿಬೀಳಬಾರದು.

ನನ್ನ ಸಲಹೆ: ಸೆನ್ಸರ್‌ಗಳಿಗೆ ಜಿಗ್‌ಬೀ, ಸ್ವಿಚ್ಚುಗಳಿಗೆ ಜಿಗ್‌ಬೀ ಅಥವಾ ಮ್ಯಾಟರ್, ಮಾಳಿಗೆಯ ಮೇಲಿನ ಟ್ಯಾಂಕಿಗೆ ಮಾತ್ರ ಸ್ಥಳೀಯವಾಗಿ ನಡೆಯುವ ವೈಫೈ.

ಮನೆಯ ಮಿದುಳು

ಇವೆಲ್ಲವನ್ನೂ ಒಟ್ಟುಗೂಡಿಸಲು ನಾನು ಬಳಸುವುದು ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ. ಪೌಲುಸ್ ಸ್ಕೌಟ್ಸೆನ್ ಎಂಬುವರು 2013ರಲ್ಲಿ ಆರಂಭಿಸಿದ ಇದು ಇಂದು ಓಪನ್ ಹೋಮ್ ಫೌಂಡೇಷನ್ ಎಂಬ ಪ್ರತಿಷ್ಠಾನದ ಕೈಯಲ್ಲಿದೆ. ಉಚಿತ. ಮನೆಯಲ್ಲಿರುವ ಚಿಕ್ಕ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮುಂದೆ ಹಬ್ ಎಂದರೆ ಈ ಕಂಪ್ಯೂಟರೇ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ 4 ಅಥವಾ 5ನೆಯ ಮಾದರಿ ಇದ್ದರೆ ಸಾಕು. ಮನೆಯಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೂ ಆದೀತು, ಬ್ಯಾಟರಿ ಇನ್ನೂ ಚೆನ್ನಾಗಿದ್ದರೆ ಕರೆಂಟ್ ಹೋದಾಗ ಅದೇ ಆಸರೆ. ಪೈ ಕೊಳ್ಳುವುದಾದರೆ ಮಾಹಿತಿ ಉಳಿಸಲು ಮೆಮೊರಿ ಕಾರ್ಡಿನ ಬದಲು ಒಂದು ಚಿಕ್ಕ ಎಸ್‌ಎಸ್‌ಡಿ ಡ್ರೈವ್ ಕೊಳ್ಳಿ. ಹೋಮ್ ಅಸಿಸ್ಟೆಂಟ್ ದಿನವಿಡೀ ದಾಖಲೆ ಬರೆಯುತ್ತಲೇ ಇರುತ್ತದೆ. ಮೆಮೊರಿ ಕಾರ್ಡ್ ಆ ಬರವಣಿಗೆಗೆ ಸವೆಯುತ್ತದೆ, ಮೇಲಿಂದ ಮೇಲೆ ಕರೆಂಟ್ ಹೋದರೆ ಇನ್ನೂ ಬೇಗ ಕೈಕೊಡುತ್ತದೆ.

ಜೋಡಣೆ ಹೀಗೆ. ಬೇರೊಂದು ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶ ಹಾಕಿಕೊಳ್ಳಿ. ಅದರ ಪಟ್ಟಿಯಲ್ಲಿ ಹೋಮ್ ಅಸಿಸ್ಟೆಂಟ್ ಓಎಸ್ ಆರಿಸಿ ಎಸ್‌ಎಸ್‌ಡಿಗೆ ಬರೆಸಿ. ಅದನ್ನು ಪೈಗೆ ಸಿಕ್ಕಿಸಿ, ನೆಟ್‌ವರ್ಕ್ ಕೇಬಲ್ಲಿನಿಂದ ರೌಟರ್‌ಗೆ ಜೋಡಿಸಿ, ಕರೆಂಟ್ ಕೊಡಿ. ಮೊದಲ ಸಲ ಅದು ತನಗೆ ಬೇಕಾದ್ದನ್ನೆಲ್ಲ ಇಳಿಸಿಕೊಳ್ಳಲು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಕಾಫಿ ಕುಡಿದು ಬನ್ನಿ, ನಡುವೆ ತಂತಿ ಕೀಳಬೇಡಿ. ಆಮೇಲೆ ಅದೇ ವೈಫೈನಲ್ಲಿರುವ ಮೊಬೈಲಿನಲ್ಲಿ ಹೋಮ್ ಅಸಿಸ್ಟೆಂಟ್ ಆಪ್ ತೆರೆದರೆ ಪೈ ತಾನಾಗಿ ಕಾಣಿಸುತ್ತದೆ. ಹೆಸರು, ಪಾಸ್‌ವರ್ಡ್, ಊರು, ಸಮಯ ವಲಯ ಕೊಡಿ. ಊರನ್ನು ನಕ್ಷೆಯಲ್ಲಿ ಸರಿಯಾಗಿ ಗುರುತಿಸಿ. ಸೂರ್ಯೋದಯ, ಸೂರ್ಯಾಸ್ತದ ಲೆಕ್ಕ ಅದನ್ನೇ ಅವಲಂಬಿಸುತ್ತದೆ. ಗೇಟಿನ ದೀಪವನ್ನು ಆ ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸಲು ಅದು ಬೇಕು. ಕೊನೆಯದಾಗಿ ಬ್ಯಾಕಪ್ ವಿಭಾಗಕ್ಕೆ ಹೋಗಿ ಪ್ರತಿದಿನದ ಬ್ಯಾಕಪ್ ಚಾಲೂ ಮಾಡಿ, ಅದರ ಪ್ರತಿ ಬೇರೊಂದು ಜಾಗದಲ್ಲಿ ಉಳಿಯುವಂತೆ ನೋಡಿಕೊಳ್ಳಿ. ಬ್ಯಾಕಪ್ ತೆರೆಯುವ ಕೀಲಿಯನ್ನು ಕಾಗದದಲ್ಲಿ ಬರೆದಿಡಿ.

ರೌಟರಿನಲ್ಲಿ ಎರಡು ಕೆಲಸ ಬಾಕಿ. ಪೈಗೆ ಒಂದು ಸ್ಥಿರವಾದ ಐಪಿ ವಿಳಾಸ (ಮನೆಯ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಮೀಸಲಿಡಿ. ಮತ್ತು 2.4 ಗಿಗಾಹರ್ಟ್ಸ್ ವೈಫೈ ಚಾನೆಲ್ಲನ್ನು 'ಆಟೊ' ಬಿಟ್ಟು 1ಕ್ಕೆ ನಿಲ್ಲಿಸಿ. ಜಿಗ್‌ಬೀ ಕೂಡ ಇದೇ 2.4 ಗಿಗಾಹರ್ಟ್ಸ್‌ನಲ್ಲಿ 11ರಿಂದ 26ರವರೆಗಿನ ತನ್ನದೇ ಚಾನೆಲ್‌ಗಳಲ್ಲಿ ಮಾತನಾಡುತ್ತದೆ. ವೈಫೈ 1ರಲ್ಲಿದ್ದು ಜಿಗ್‌ಬೀ 20 ಅಥವಾ 25ರಲ್ಲಿದ್ದರೆ ಒಂದರ ಗದ್ದಲ ಇನ್ನೊಂದಕ್ಕೆ ತಾಗದು. ಇದನ್ನು ಮೊದಲೇ ತೀರ್ಮಾನಿಸಿ. ಮೂವತ್ತು ಸಾಧನ ಸೇರಿಸಿದ ಮೇಲೆ ಚಾನೆಲ್ ಬದಲಿಸಿದರೆ ಕೆಲವನ್ನು ಮತ್ತೆ ಮೊದಲಿನಿಂದ ಜೋಡಿಸಬೇಕಾಗುತ್ತದೆ.

ಜಿಗ್‌ಬೀಗಾಗಿ ಪೆನ್‌ಡ್ರೈವ್‌ನಂತೆ ಕಾಣುವ ಒಂದು ಯುಎಸ್‌ಬಿ ರೇಡಿಯೊ ಡಾಂಗಲ್ ಬೇಕು. ಅದನ್ನು ನೇರವಾಗಿ ಪೈಗೆ ಸಿಕ್ಕಿಸಬೇಡಿ. ಯುಎಸ್‌ಬಿ 3 ಕಿಂಡಿಗಳು 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಎಬ್ಬಿಸುತ್ತವೆ. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿ ಹಾಕಿ ಡಾಂಗಲ್ಲನ್ನು ದೂರ ಇಡಿ. ಸೆನ್ಸರ್ ಆಗಾಗ ಕಾಣೆಯಾಗುತ್ತದೆ ಎಂದು ಗೆಳೆಯರು ಹೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಈ ತಂತಿಯ ಬಗ್ಗೆಯೇ.

ಮೊದಲ ಎರಡು ಕೆಲಸ: ಗೀಸರ್ ಮತ್ತು ರಾತ್ರಿಯ ದೀಪ

ಸುಲಭವಾದದ್ದರಿಂದ ಕೈ ಪಳಗಿಸಿಕೊಳ್ಳಿ. 2,000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ಗೇ ಬೇಕು. 6 ಅಥವಾ 10 ಆಂಪಿಯರ್‌ನದನ್ನು ಅಗ್ಗವೆಂದು ಹಾಕಿದರೆ ಪ್ಲಾಸ್ಟಿಕ್ ಕರಗಬಹುದು. 3,000 ವ್ಯಾಟ್‌ನ ಗೀಸರ್‌ಗೆ ಪ್ಲಗ್ಗಿನ ಬದಲು ಎಲೆಕ್ಟ್ರಿಷಿಯನ್ ಕೈಯಲ್ಲಿ ಕಾಂಟ್ಯಾಕ್ಟರ್ (ಭಾರಿ ಕರೆಂಟ್ ತಾಳುವ, ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಹಾಕಿಸುವುದು ಮೇಲು. ನೀರು ತಾಗದ ಎತ್ತರದಲ್ಲಿ ಪ್ಲಗ್ ಇರಲಿ, ಮೊದಲ ವಾರ ಅರ್ಧ ಗಂಟೆ ಓಡಿದ ಮೇಲೆ ಮುಟ್ಟಿ ಎಷ್ಟು ಬಿಸಿಯಾಗಿದೆ ನೋಡಿ.

ಹೋಮ್ ಅಸಿಸ್ಟೆಂಟ್‌ನಲ್ಲಿ ಆಟೊಮೇಷನ್ ಎಂದರೆ ಮೂರು ಪ್ರಶ್ನೆಗೆ ಉತ್ತರ: ಯಾವಾಗ, ಯಾವ ಪರಿಸ್ಥಿತಿಯಲ್ಲಿ, ಏನು ಮಾಡಬೇಕು. ಬೆಳಿಗ್ಗೆ 5.45 ಆದಾಗ; ಮನೆಯಲ್ಲಿ ಯಾರಾದರೂ ಇದ್ದರೆ; ಗೀಸರ್ ಹಾಕು, ಅರ್ಧ ಗಂಟೆಗೆ ಆರಿಸು. ಇಲ್ಲೊಂದು ಅಪಾಯವಿದೆ. ಆರಿಸುವ ಹೊತ್ತಿಗೆ ಹಬ್ ನಿಂತಿದ್ದರೆ ಗೀಸರ್ ಉರಿಯುತ್ತಲೇ ಇರುತ್ತದೆ. ಹಾಗಾಗಿ ಆರಿಸುವ ಟೈಮರನ್ನು ಪ್ಲಗ್ಗಿನೊಳಗೇ ಇಡುವ ಸೌಲಭ್ಯವಿರುವ ಪ್ಲಗ್ ಕೊಳ್ಳಿ. ಹಾಕುವುದನ್ನು ಹಬ್‌ಗೆ ಬಿಡಿ, ಆರಿಸುವುದನ್ನು ಸಾಧನಕ್ಕೇ ಒಪ್ಪಿಸಿ.

ಹೆಚ್ಚಿನ ಸಾಧನಗಳಲ್ಲಿ 'ಕರೆಂಟ್ ಮರಳಿದಾಗ ಏನಾಗಬೇಕು' ಎಂಬ ಆಯ್ಕೆ ಇರುತ್ತದೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ಮೋಟಾರ್‌ಗಳಿಗೆ 'ಆಫ್', ದೀಪಗಳಿಗೆ 'ಹಿಂದಿನ ಸ್ಥಿತಿ' ಎಂದು ಇಡಿ. ಅಮ್ಮನ ಮನೆಯ ಬಲ್ಬುಗಳು ನಸುಕಿನಲ್ಲಿ ಹೊತ್ತಿಕೊಂಡದ್ದು ಈ ಒಂದು ಆಯ್ಕೆಯನ್ನು ನಾನು ನೋಡದೆ ಬಿಟ್ಟದ್ದರಿಂದ.

ರಾತ್ರಿಯ ದೀಪಕ್ಕೆ ಬಚ್ಚಲಿಗೆ ಹೋಗುವ ದಾರಿಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ ಒಂದು ಜಿಗ್‌ಬೀ ಚಲನೆಯ ಸೆನ್ಸರ್ ಅಂಟಿಸಿ. ಎತ್ತರದಲ್ಲಿಟ್ಟರೆ ಮಂಚದಲ್ಲಿ ಮಗ್ಗುಲು ಬದಲಿಸಿದರೂ ದೀಪ ಹೊತ್ತುತ್ತದೆ. ಕೆಳಗಿದ್ದರೆ ಪಾದ ನೆಲಕ್ಕೆ ಇಳಿದಾಗ ಮಾತ್ರ. ರಾತ್ರಿ 10ರಿಂದ ಬೆಳಗಿನ 5ರವರೆಗೆ, ಚಲನೆ ಕಂಡರೆ ಮಂದ ದೀಪ ಹಚ್ಚು, ಮೂರು ನಿಮಿಷ ಚಲನೆ ಇಲ್ಲದಿದ್ದರೆ ಆರಿಸು. ಇಡೀ ವ್ಯವಸ್ಥೆಯಲ್ಲಿ ಕಡಿಮೆ ಖರ್ಚಿನದು ಇದು. ಅಪ್ಪನಿಗೆ ಅತ್ಯಂತ ಇಷ್ಟವಾದದ್ದೂ ಇದೇ. ಅವರು ಏನನ್ನೂ ಕಲಿಯಬೇಕಾಗಿ ಬರಲಿಲ್ಲ.

ಸೆನ್ಸರನ್ನು ಹಬ್‌ಗೆ ಪರಿಚಯಿಸುವಾಗ ಅದು ಮುಂದೆ ಇರಬೇಕಾದ ಜಾಗದಲ್ಲೇ ಇಟ್ಟು ಪರಿಚಯಿಸಿ. ಕರೆಂಟಿನಲ್ಲಿ ನಡೆಯುವ ಜಿಗ್‌ಬೀ ಸಾಧನಗಳು ಪಕ್ಕದವರ ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ, ಬ್ಯಾಟರಿಯವು ದಾಟಿಸುವುದಿಲ್ಲ. ದೂರದ ಕೋಣೆಯ ಸೆನ್ಸರ್ ತಲುಪದಿದ್ದರೆ ನಡುವೆ ಒಂದು ಜಿಗ್‌ಬೀ ಪ್ಲಗ್ ಹಾಕಿದರೆ ಸಾಕು.

ಫ್ಯಾನಿನ ಬಗ್ಗೆ ಒಂದು ಮಾತು. ಗೋಡೆಯ ರೆಗ್ಯುಲೇಟರ್ ಮತ್ತು ವೇಗ ಬದಲಿಸುವ ಸ್ಮಾರ್ಟ್ ಮಾಡ್ಯೂಲ್ ಎರಡನ್ನೂ ಒಂದರ ಹಿಂದೆ ಒಂದು ಹಾಕಬೇಡಿ. ಹೇಗಿದ್ದರೂ ಹೊಸ ಫ್ಯಾನ್ ಕೊಳ್ಳುವವರು ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಕೊಂಡರೆ ಹಳೆಯ ಫ್ಯಾನಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ನಡೆಯುತ್ತದೆ.

ಟ್ಯಾಂಕ್

ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಿ, ಪಕ್ಕದ ಮನೆಯವರು "ನಿಮ್ಮ ಟ್ಯಾಂಕು ತುಂಬಿತು" ಎಂದು ಕೂಗುವವರೆಗೆ ಮರೆಯುವುದು ನಮ್ಮ ಬೀದಿಗಳ ದಿನನಿತ್ಯದ ದೃಶ್ಯ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಮೋರಿಗೆ ಹರಿದ ನೀರಿನ ಬೆಲೆ ಗೊತ್ತು. ಆದ್ದರಿಂದ ಇಡೀ ಮನೆಯಲ್ಲಿ ಒಂದನ್ನೇ ಸ್ಮಾರ್ಟ್ ಮಾಡಬಹುದು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ನೀರಿನ ಮಟ್ಟ ಅಳೆಯಲು ನಾನು ಬಳಸುವುದು ಶ್ರವಣಾತೀತ ಶಬ್ದದ ಸೆನ್ಸರ್. ಟ್ಯಾಂಕಿನ ಮುಚ್ಚಳಕ್ಕೆ ತೂತು ಕೊರೆದು ಕೆಳಮುಖವಾಗಿ ಕೂರಿಸಬೇಕು. ಅದು ಶಬ್ದ ಕಳುಹಿಸಿ, ನೀರಿಗೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ನೀರಿಗೆ ಏನೂ ಮುಳುಗುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಜೆಎಸ್‌ಎನ್-ಎಸ್‌ಆರ್04ಟಿ ಎಂಬ ತೇವ ತಡೆಯುವ ಮಾದರಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಸುಮಾರು 20ರಿಂದ 25 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಅದು ಸರಿಯಾಗಿ ಅಳೆಯಲಾರದು. ಹಾಗಾಗಿ ತುಂಬಿದ ನೀರಿಗೂ ಸೆನ್ಸರಿಗೂ ನಡುವೆ ಅಷ್ಟು ಅಂತರ ಇರಲೇಬೇಕು. ಇಲ್ಲದಿದ್ದರೆ ಮುಚ್ಚಳದ ಮೇಲೆ ಒಂದು ತುಂಡು ಅಗಲವಾದ ಪೈಪ್ ನಿಲ್ಲಿಸಿ ಅದರ ತುದಿಗೆ ಕೂರಿಸಿ.

ಸೆನ್ಸರನ್ನು ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ನಿಯಂತ್ರಕ ಬೋರ್ಡಿಗೆ ಜೋಡಿಸಿ. ಸೆನ್ಸರ್ 5 ವೋಲ್ಟಿನದು, ಇಎಸ್‌ಪಿ32ರ ಕಾಲುಗಳು (ಪಿನ್‌ಗಳು) 3.3 ವೋಲ್ಟಿನವು. ಸೆನ್ಸರಿನಿಂದ ಮರಳಿ ಬರುವ 'ಎಕೊ' ತಂತಿಯನ್ನು 1 ಕಿಲೊ ಓಮ್ ರೆಸಿಸ್ಟರ್ ಮೂಲಕ ತಂದು, ಬೋರ್ಡಿನ ಕಾಲಿನಿಂದ ಗ್ರೌಂಡಿಗೆ 2 ಕಿಲೊ ಓಮ್ ಹಾಕಿದರೆ 5 ವೋಲ್ಟ್ 3.3ಕ್ಕೆ ಇಳಿಯುತ್ತದೆ. ಬೋರ್ಡಿಗೆ ಹಾಕಲು ಇಎಸ್‌ಪಿಹೋಮ್ ಎಂಬ ತಂತ್ರಾಂಶ ಹೋಮ್ ಅಸಿಸ್ಟೆಂಟ್ ಒಳಗಿನಿಂದಲೇ ಸಿಗುತ್ತದೆ; ಪ್ರೋಗ್ರಾಮ್ ಬರೆಯಬೇಕಿಲ್ಲ, ಕೆಲವು ಸಾಲುಗಳ ಪಟ್ಟಿ ತುಂಬಿದರೆ ಆಯಿತು.

ಈಗ ಅಳತೆ. ಟ್ಯಾಂಕ್ ಬರಿದಾದ ದಿನ ಸೆನ್ಸರ್ ತೋರಿಸುವ ದೂರ ಬರೆದುಕೊಳ್ಳಿ, ತುಂಬಿದಾಗಿನದನ್ನೂ ಬರೆದುಕೊಳ್ಳಿ. ನಮ್ಮಲ್ಲಿ ಬರಿದಾದಾಗ 120 ಸೆಂಟಿಮೀಟರ್, ತುಂಬಿದಾಗ 25. ನಡುವಿನ ವ್ಯತ್ಯಾಸ 95. ಸೆನ್ಸರ್ 101 ತೋರಿಸಿದರೆ 19 ಸೆಂಟಿಮೀಟರ್ ನೀರಿದೆ, ಅಂದರೆ ನೂರಕ್ಕೆ 20. ಅಲ್ಲಿ ಮೋಟಾರ್ ಹಾಕಬೇಕು, 90ಕ್ಕೆ ನಿಲ್ಲಿಸಬೇಕು. ಮುಚ್ಚಳದ ಒಳಗೆ ಬೆವರಿದ ಹನಿ ಸೆನ್ಸರಿನ ಮೇಲೆ ಕೂತರೆ, ನೀರು ಧುಮುಕಿ ಅಲೆ ಎದ್ದರೆ ಒಂದೊಂದು ಅಳತೆ ಎಲ್ಲೆಲ್ಲಿಗೋ ಹಾರುತ್ತದೆ. ಇಎಸ್‌ಪಿಹೋಮ್‌ನ ಮೀಡಿಯನ್ ಫಿಲ್ಟರ್ ಹಾಕಿ, ಏಳು ಅಳತೆಗಳ ನಡುವಿನದನ್ನು ಮಾತ್ರ ನಂಬಲು ಹೇಳಿ.

ಮೋಟಾರಿನ ಕಡೆಗೆ ಬರೋಣ. ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ಒಂದು ಅಶ್ವಶಕ್ತಿಯ ಮೋಟಾರ್ ಓಡುವಾಗ ಐದಾರು ಆಂಪಿಯರ್ ಎಳೆದರೂ ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. '10 ಆಂಪಿಯರ್' ಎಂದು ಬರೆದ ಪುಟ್ಟ ರಿಲೇ (ಬೋರ್ಡಿನ ಆಜ್ಞೆಯಂತೆ ನಡೆಯುವ ಸ್ವಿಚ್) ಆ ಹೊಡೆತಕ್ಕೆ ಕೆಲವು ತಿಂಗಳಲ್ಲಿ ಬೆಸೆದುಕೊಳ್ಳುತ್ತದೆ. ಆಗ ಆಪ್ 'ಆಫ್' ಎಂದು ತೋರಿಸುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ. ಹಾಗಾಗಿ ಮೋಟಾರಿಗೆ ಕಾಂಟ್ಯಾಕ್ಟರ್ ಹಾಕಿಸಿ. ರಿಲೇ ಕಾಂಟ್ಯಾಕ್ಟರಿನ ಕಾಯಿಲ್ಲಿಗೆ ಮಾತ್ರ ಕರೆಂಟ್ ಕೊಡಲಿ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಮೋಟಾರಿಗೆ ಅದರದೇ ಪ್ಯಾನಲ್, ಕೆಪಾಸಿಟರ್ ಇರುತ್ತವೆ. ಅಲ್ಲಿನ ಜೋಡಣೆ ಬೇರೆ, ಅದಕ್ಕೆ ಪ್ಯಾನಲ್ ರಿಪೇರಿ ಮಾಡುವವರನ್ನೇ ಕರೆಯಿರಿ.

ಕಾಂಟ್ಯಾಕ್ಟರಿನ ಮುಂದೆ ಮೂರು ನಿಲುವಿನ ಒಂದು ತಿರುಗುವ ಸ್ವಿಚ್ ಕಡ್ಡಾಯ: ಆಟೊ, ಆಫ್, ಮ್ಯಾನುಯಲ್. ಎಲ್ಲ ಕೆಟ್ಟ ದಿನವೂ ಅಮ್ಮ ಅದನ್ನು ಮ್ಯಾನುಯಲ್‌ಗೆ ತಿರುಗಿಸಿ ಮೊದಲಿನಂತೆ ನೀರು ಏರಿಸಬಲ್ಲರು. ಗೋಡೆಯ ಸ್ವಿಚ್ಚಿನ ಷರತ್ತು ಇಲ್ಲಿಯೂ ಅದೇ.

ಯಾವ ಯಾವ ಹೊತ್ತಿನಲ್ಲಿ ಮೋಟಾರ್ ನಿಲ್ಲಬೇಕು ಎಂಬುದನ್ನು ಹಬ್‌ನಲ್ಲಲ್ಲ, ರಿಲೇ ನಡೆಸಲು ಮೋಟಾರ್ ಬಳಿ ಇಡುವ ಇನ್ನೊಂದು ಇಎಸ್‌ಪಿ32ರಲ್ಲೇ ಬರೆಯಿರಿ. ಟ್ಯಾಂಕ್ 90 ತಲುಪಿದರೆ ನಿಲ್ಲು. ಐದು ನಿಮಿಷ ಟ್ಯಾಂಕಿನಿಂದ ಸುದ್ದಿಯೇ ಬರದಿದ್ದರೆ ನಿಲ್ಲು. ಸಂಪಿನಲ್ಲಿ ನೀರು ಕಡಿಮೆ ಎಂದು ಅಲ್ಲಿನ ಫ್ಲೋಟ್ ಹೇಳಿದರೆ ನಿಲ್ಲು. ಟ್ಯಾಂಕ್ ಪೂರ್ತಿ ತುಂಬಲು ಗಡಿಯಾರ ಹಿಡಿದು ಒಮ್ಮೆ ಎಣಿಸಿ. ನಮ್ಮಲ್ಲಿ 22 ನಿಮಿಷ. ಯಾವ ಕಾರಣಕ್ಕೂ 30 ನಿಮಿಷ ಮೀರಿ ಓಡಬೇಡ. ಕರೆಂಟ್ ಹೋಗಿ ಬಂದರೆ ಆಫ್ ಆಗಿಯೇ ಇರು. ಇವುಗಳಲ್ಲಿ ಒಂದನ್ನೂ ಬಿಡಬೇಡಿ. ನೀರಿಲ್ಲದೆ ಓಡಿದ ಪಂಪಿನ ಸೀಲ್ ಸುಟ್ಟುಹೋಗುತ್ತದೆ, ರಿಪೇರಿಯ ಖರ್ಚು ಈ ಇಡೀ ಜೋಡಣೆಗಿಂತ ಹೆಚ್ಚಾದೀತು.

ಇದೆಲ್ಲದರ ಮೇಲೆ ಮೇಲಿನ ಟ್ಯಾಂಕಿನಲ್ಲಿ ಒಂದು ಸಾದಾ ಫ್ಲೋಟ್ ಸ್ವಿಚ್ ಕೂಡ ಇರಲಿ. ಯಾವ ತಂತ್ರಾಂಶದ ಹಂಗೂ ಇಲ್ಲದೆ, ನೀರು ಮೇಲೆ ಬಂದಾಗ ಅದೇ ಕಾಂಟ್ಯಾಕ್ಟರನ್ನು ಕೆಳಗಿಳಿಸಬೇಕು. ನೀರಿಗೆ ಇಳಿಯುವ ಈ ತಂತಿಯಲ್ಲಿ 230 ವೋಲ್ಟ್ ಹರಿಯಬಾರದು. 12 ಅಥವಾ 24 ವೋಲ್ಟ್‌ನ ರಿಲೇ ಮೂಲಕವೇ ಮಾಡಿಸಿ. ನಮ್ಮೂರುಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವುದನ್ನು ನೋಡಿ ನನಗೆ ಪ್ರತಿ ಸಲವೂ ಭಯವಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿ. ಮೋಟಾರ್ ಓಡುತ್ತಿರುವಾಗ ರೌಟರ್ ಆರಿಸಿ: ಐದು ನಿಮಿಷದಲ್ಲಿ ನಿಲ್ಲಬೇಕು. ಸೆನ್ಸರಿನ ತಂತಿ ಕೀಳಿ: ನಿಲ್ಲಬೇಕು. ಸಂಪಿನ ಫ್ಲೋಟನ್ನು ಕೈಯಿಂದ ಕೆಳಗಿಳಿಸಿ: ನಿಲ್ಲಬೇಕು. ಮೇನ್ ಆರಿಸಿ ಹಾಕಿ: ಓಡಬಾರದು. ನಾಲ್ಕೂ ಆದ ಮೇಲೆಯೇ 'ಆಟೊ'ಗೆ ತಿರುಗಿಸಿ ಊರಿಗೆ ಹೋಗಿ.

ಬಿಲ್, ಬೀಗ, ಕ್ಯಾಮೆರಾ

ವಿದ್ಯುತ್ ಅಳೆಯುವ ಸ್ಮಾರ್ಟ್ ಪ್ಲಗ್ ಒಂದನ್ನು ಫ್ರಿಜ್, ವಾಷಿಂಗ್ ಮಷಿನ್, ಹಳೆಯ ಟಿವಿಗೆ ಒಂದೊಂದು ವಾರ ಹಾಕಿ ನೋಡಿ. ಯಾವುದು ಎಷ್ಟು ತಿನ್ನುತ್ತದೆಂದು ಆಗ ತಿಳಿಯುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, ಇಪ್ಪತ್ತನೆಯ ತಾರೀಖಿಗೇ ಎಚ್ಚರಿಸುವ ಸಂದೇಶ ಬಹಳ ಮನೆಗಳಿಗೆ ಉಪಯೋಗಕ್ಕೆ ಬರುತ್ತದೆ. ಇಡೀ ಮನೆಯ ಅಳತೆ ಬೇಕಿದ್ದರೆ ತಂತಿಯ ಸುತ್ತ ಹಿಡಿಯುವ ಕ್ಲಾಂಪ್ ಮೀಟರನ್ನು ನಿಮ್ಮ ಎಂಸಿಬಿ ಪೆಟ್ಟಿಗೆಯಲ್ಲಿ ಹಾಕಿಸಿ. ವಿದ್ಯುತ್ ಕಂಪನಿಯ ಮೀಟರನ್ನೂ ಅದರ ಸೀಲನ್ನೂ ಮುಟ್ಟುವಂತಿಲ್ಲ.

ಕ್ಯಾಮೆರಾ ಹಾಕುವವರು ಮೊದಲ ದಿನವೇ ಅದರ ಪಾಸ್‌ವರ್ಡ್ ಬದಲಿಸಬೇಕು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್‌ನಲ್ಲೇ ಉಳಿದಿದ್ದ ಕ್ಯಾಮೆರಾ, ರೌಟರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಆ ಅಕ್ಟೋಬರ್‌ನಲ್ಲಿ ಅವುಗಳ ಮೂಲಕ, ಜಾಲತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ನಡೆದ ದಾಳಿಯಿಂದ ಹೆಸರಾಂತ ಜಾಲತಾಣಗಳೇ ಹಲವು ಗಂಟೆ ಸಿಗದಾದವು. ಸ್ಮಾರ್ಟ್ ಸಾಧನಗಳಿಗೆ ರೌಟರಿನಲ್ಲಿ ಬೇರೆಯೇ ವೈಫೈ ಹೆಸರು ಕೊಡುವುದು ಒಳ್ಳೆಯದು, ಆದರೆ 'ಗೆಸ್ಟ್' ಜಾಲದಲ್ಲಿ ಸಾಧನಗಳು ಹಬ್‌ಗೆ ಕಾಣದಂತೆ ತಡೆ ಇರಬಹುದು, ಪರೀಕ್ಷಿಸಿ ನೋಡಿ. ಹೊರಗಿನಿಂದ ಮನೆ ನೋಡಲು ರೌಟರಿನಲ್ಲಿ ಪೋರ್ಟ್ (ಇಂಟರ್‌ನೆಟ್‌ನಿಂದ ನೇರ ಒಳಬರುವ ದಾರಿ) ತೆರೆಯಬೇಡಿ. ನಿಮಗೆ ಮಾತ್ರ ತೆರೆಯುವ ಗುಪ್ತ ದಾರಿಯಾದ, ವೈರ್‌ಗಾರ್ಡ್‌ನಂಥ ವಿಪಿಎನ್ ಬಳಸಿ. ಮಲಗುವ ಕೋಣೆಗೆ, ಮನೆಗೆಲಸದವರು ವಿರಮಿಸುವ ಜಾಗಕ್ಕೆ ಕ್ಯಾಮೆರಾ ಬೇಡ. ವಯಸ್ಸಾದವರ ಸುರಕ್ಷತೆಗಾಗಿ ಎಂದು ಹಾಕುವುದಿದ್ದರೂ ಅವರನ್ನು ಕೇಳಿ, ಅವರು ಬೇಡವೆಂದರೆ ಬಾಗಿಲಿನ ಸೆನ್ಸರ್ ಸಾಕು. ಬೆಳಿಗ್ಗೆ ಎಂಟರವರೆಗೆ ಅಡುಗೆ ಮನೆಯ ಬಾಗಿಲು ತೆರೆಯದಿದ್ದರೆ ನನಗೆ ಸಂದೇಶ ಬರುತ್ತದೆ. ಅಮ್ಮ ಒಪ್ಪಿದ್ದು ಇಷ್ಟಕ್ಕೆ, ನನಗೂ ಇಷ್ಟೇ ಬೇಕಿದ್ದದ್ದು.

ಸ್ಮಾರ್ಟ್ ಬೀಗ ಹಾಕಿಸಿದರೂ ಕೀಲಿಯಿಂದ ತೆರೆಯುವಂಥದ್ದನ್ನೇ ಹಾಕಿಸಿ, ಒಂದು ಕೀಲಿ ಪಕ್ಕದ ಮನೆಯಲ್ಲಿರಲಿ.

ಬಾಡಿಗೆ ಮನೆಯವರು ಗೋಡೆ ಮುಟ್ಟದೆ ಪ್ಲಗ್, ಬ್ಯಾಟರಿ ಸೆನ್ಸರ್, ರಿಮೋಟ್ ಕೆಲಸ ಮಾಡುವ ಐಆರ್ ಪೆಟ್ಟಿಗೆಗಳಲ್ಲೇ ಬೇಕಾದಷ್ಟು ಮಾಡಬಹುದು. ಸ್ವಿಚ್ ಬದಲಿಸಲೇಬೇಕಾದರೆ ಮಾಲೀಕರನ್ನು ಕೇಳಿ, ತೆಗೆದ ಹಳೆಯ ಸ್ವಿಚ್ಚುಗಳನ್ನು ಹೆಸರು ಬರೆದ ಚೀಲದಲ್ಲಿಡಿ.

ಕೊನೆಗೊಂದು ಕಾಗದದ ಕೆಲಸ ಉಳಿದಿದೆ. ಎ4 ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿರಿ: ಯಾವ ಸ್ವಿಚ್ಚಿನ ಹಿಂದೆ ಮಾಡ್ಯೂಲ್ ಇದೆ, ಮೋಟಾರಿನ ತಿರುಗುವ ಸ್ವಿಚ್ ಎಲ್ಲಿದೆ, ಅದನ್ನು ಮ್ಯಾನುಯಲ್‌ಗೆ ತಿರುಗಿಸುವುದು ಹೇಗೆ, ರೌಟರ್ ಮತ್ತು ಪೈ ಯಾವ ಪ್ಲಗ್ಗಿನಲ್ಲಿವೆ, ಯುಪಿಎಸ್ ಲೈನ್ ಆರಿಸುವ ಎಂಸಿಬಿ ಯಾವುದು, ಯಾರಿಗೆ ಫೋನ್ ಮಾಡಬೇಕು. ಪ್ಲಾಸ್ಟಿಕ್ ಹೊದಿಸಿ ಮೀಟರ್ ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿ. ಮುಂದಿನ ಎಲೆಕ್ಟ್ರಿಷಿಯನ್ ಬಂದಾಗ ನೀವು ಊರಲ್ಲಿ ಇಲ್ಲದಿರಬಹುದು.